ಕೆರೆಯ ಚರಿತ್ರೆಯೂ ನಮ್ಮ ಮನೆಯ ಮಣ್ಣೆತ್ತೂ

ಖರೇ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೈದುನ ಮೂರು ಬೇಸಿಗೆ ಒದ್ದಾಡಿ ಹೊರತೆಗೆದ ಕೆರೆಯ ಚರಿತ್ರೆಯನ್ನು ನಾನು ಒಂದು ಮುಂಜಾನೆ ಚೆನ್ನಾಗಿ ನಾದಿ, ಎರಡು ಎತ್ತು ಮಾಡಿ, ಕುಂಕುಮ ಹಚ್ಚಿ ಪೂಜೆಗೆ ಇಟ್ಟೆ. ನಾನು ಬೇಕೆಂದೇ ಮಾಡಿದೆ ಎನ್ನುವವರು ಇಂದಿಗೂ ಇದ್ದಾರೆ. ಸುಳ್ಳು! ಬೇಕೆಂದು ಮಾಡುವುದಿದ್ದರೆ ಕೊಂಬು ಅಷ್ಟು ಸೊಟ್ಟ ಮಾಡುತ್ತಿದ್ದೆನೇ?

ನಮ್ಮ ಮನೆ ಹುಬ್ಬಳ್ಳಿಯಲ್ಲಿ. ನನ್ನ ಗಂಡನಿಗೆ ಹತ್ತಿಯ ವ್ಯಾಪಾರ. ಅವರ ತಮ್ಮ, ಅಂದರೆ ಈ ಮೈದುನ, ದಿನಾ ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಹುಡುಗರಿಗೆ ವಿಜ್ಞಾನ ಕಲಿಸುವ ಮಾಸ್ತರ. ಮಂದಿಯ ಮೈದುನಂದಿರು ಧಾರವಾಡದಿಂದ ಬರುವಾಗ ಪೇಢೆ ತರುತ್ತಾರೆ. ನಮ್ಮವನು ದಾರಿಯಲ್ಲಿ ಉಣಕಲ್ಲಿಗೆ ಇಳಿದು, ಅದರಾಚೆಯ ಒಂದು ಹಳೆಯ ಕೆರೆಗೆ ನಡೆದು ಹೋಗಿ, ಕರವಸ್ತ್ರದಲ್ಲಿ ಕೆಸರು ಕಟ್ಟಿಕೊಂಡು ಬರುತ್ತಿದ್ದ! ಒಗೆಯುವವಳು ಯಾರು? ನಾನು.

ತಂದದ್ದನ್ನು ಸುಮ್ಮನೆ ಇಡುತ್ತಿದ್ದನೇ? ಚಿವುಟಿ ಬಾಯಿಗೆ ಹಾಕಿ ಮುಂದಿನ ಹಲ್ಲಿನಲ್ಲಿ ಕಡಿದು ನೋಡುತ್ತಿದ್ದ. ಕರಕರ ಎಂದರೆ ಉಸುಕು, ಹಳ್ಳ ಜೋರಾಗಿ ಹರಿದು ಬಂದ ಕಾಲ. ನುಣ್ಣಗೆ ಕರಗಿದರೆ ಜೇಡಿಮಣ್ಣು, ನೀರು ತಣ್ಣಗೆ ನಿಂತ ಕಾಲ. ಅತ್ತೆಯವರು ಒಂದು ದಿನ ಬಾಗಿಲ ಸಂದಿಯಿಂದ ಇದನ್ನು ಕಂಡು ಎದೆ ಎದೆ ಬಡಿದುಕೊಂಡರು.

“ಬಸರ ಹೆಣ್ಮಕ್ಕಳು ಮಣ್ಣು ತಿನ್ನೂದು ನೋಡೇನವಾ. ಇವಗ ಎಷ್ಟು ತಿಂಗಳಂತ ಕೇಳು!”

ನಾನು ಹೋಗಿ ಕೇಳಿದೆ: “ಎಷ್ಟಾತಪಾ?”

“ಐದನೂರು ವರ್ಷರೆ ಆಗಿರಬೇಕ್ರಿ ವೈನಿ” ಎಂದ, ಬಾಯಿ ತುಂಬ ಮಣ್ಣು ಇಟ್ಟುಕೊಂಡು.

ಮದುವೆ ಮಾಡಿದರೆ ಸರಿಹೋದಾನೆಂದು ಹೆಣ್ಣು ನೋಡಲು ಕಳಿಸಿದೆವು. ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬಂದು ನಿಂತರೆ ಈ ಮಹಾರಾಯ ಅವರ ಮನೆಯ ಗೋಡೆ ಕೆರೆಯುತ್ತಿದ್ದನಂತೆ! “ಈ ಮಣ್ಣು ನಿಮ್ಮೂರಿಂದಲ್ರಿ, ಎಲ್ಲಿಂದ ತರಿಸೀರಿ?” ಎಂದು ಹುಡುಗಿಯ ಅಪ್ಪನನ್ನೇ ಕೇಳಿದನಂತೆ. ತಿರುಗಿ ಬಂದ ಮೇಲೆ “ಹುಡುಗಿ ಹ್ಯಾಂಗಿದ್ಲೋ?” ಎಂದರೆ, “ಗ್ವಾಡಿ ಭಾಳ ಛಲೋ ಇತ್ರಿ ವೈನಿ” ಎಂದ. ಗೋಡೆಗೆ ತಾಳಿ ಕಟ್ಟಲು ಬರುತ್ತದೆಯೇ? ಆ ಸಂಬಂಧ ಅಲ್ಲಿಗೆ ಮುಗಿಯಿತು.

ಕರವಸ್ತ್ರದ ಕೆಸರು ಸಾಲದೆನಿಸಿ, ಹಳೇ ಹುಬ್ಬಳ್ಳಿಯ ಕಬ್ಬಿಣದ ಕೆಲಸದ ಸಾಹೇಬ ಮೇಸ್ತ್ರಿಯ ಹತ್ತಿರ ಒಂದು ಉದ್ದನೆಯ ಕೊಳವೆ ಮಾಡಿಸಿದ. ನೆಲಕ್ಕೆ ಇಳಿಸಿ, ಎಳೆದು, ಕಡಲೆಕಾಯಿಯಂತೆ ಎರಡು ಹೋಳು ಮಾಡಿ ತೆರೆಯಬೇಕು. ಮೇಲೆ ಹಿಡಿಯಲು ಒಂದು ಅಡ್ಡಗೋಲು. ಮೇಸ್ತ್ರಿ ಮಾಡಿಕೊಟ್ಟ, ಆದರೆ ಅವನ ಮನಸ್ಸು ತಡೆಯಲಿಲ್ಲ.

“ಮಾಸ್ತರ, ನೀರು ಬೇಕಂದ್ರ ಬಾವಿ ತೋಡಸ್ರಿ. ರಾಡಿ ತಗ್ಯಾಕ ಇಷ್ಟೆಲ್ಲಾ ಯಾಕ್ರಿ? ಮಳಿಗಾಲದಾಗ ನಮ್ಮ ಓಣಿಗೆ ಬರ್ರಿ, ಬೇಕಾದಷ್ಟು ಒಯ್ಯರಿ!”

ಅದು ಪ್ರಭಾತಫೇರಿಗಳ ಕಾಲ. ಟೋಪಿ ಕಂಡರೆ ಪೊಲೀಸರಿಗೆ ಗುಮಾನಿ. ಖಾದಿ ಟೋಪಿ ಹಾಕಿಕೊಂಡು ಹೆಗಲ ಮೇಲೆ ಕೊಳವೆ ಹೊತ್ತು ಸ್ಟೇಶನ್ನಿಗೆ ಹೋದರೆ ಬಿಟ್ಟಾರೆಯೇ? “ತೋಪೇನ್ರಿ ಇದು?” ಎಂದು ಒಬ್ಬ ಹಿಡಿದು ನಿಲ್ಲಿಸಿದ. ನಮ್ಮವನು “ಅಲ್ರಿ, ಕೆರಿ ಚರಿತ್ರೆ” ಎಂದು ಮೊದಲಿನಿಂದ ಹೇಳಲು ಶುರು ಮಾಡಿದ. ಒಂದು ರೈಲು ಹೋಯಿತು, ಎರಡನೆಯದೂ ಹೋಯಿತು. ಕೊನೆಗೆ ಆ ಪೊಲೀಸನೇ ಕೈಮುಗಿದು, “ನಿಮ್ಮ ಕಾಲು ಬೀಳ್ತೇನಿ, ಹೋಗ್ರಿ” ಎಂದು ಬೇಡಿಕೊಂಡನಂತೆ!

ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಆದರೂ ಅವನು ನನ್ನನ್ನು ಬಿಡುತ್ತಿರಲಿಲ್ಲ. ಕೊಳವೆ ತೆರೆದು ತೋರಿಸುತ್ತಿದ್ದ: ಒಳಗೆ ಕೆಸರಿನ ಕೋಲು, ಮೈತುಂಬ ಪಟ್ಟೆ. ಪ್ರತಿ ಮಳೆಗಾಲ ಒಂದೊಂದು ಪದರು ಕೂಡುತ್ತದಂತೆ. ಕರಿ ಗೆರೆಯಲ್ಲಿ ಇದ್ದಿಲ ಚೂರು, ಆ ವರ್ಷ ಸುತ್ತಲಿನ ಅಡವಿ ಸುಟ್ಟಿತ್ತು. ಬಿಳಿ ಗೆರೆಯಲ್ಲಿ ಬಸವನಹುಳದ ಚಿಪ್ಪು, ಆಗ ನೀರು ಮೊಣಕಾಲಿಗಿಂತ ಹೆಚ್ಚು ಇರಲಿಲ್ಲ. ಭೂತಗನ್ನಡಿ ಕೊಟ್ಟು “ಕಾಣಸ್ತೇನ್ರಿ?” ಎನ್ನುತ್ತಿದ್ದ.

“ಅದರಾಗೇನೈತೋ? ತಿಪ್ಪಿ ಅಗದ್ರ ನಾನೂ ಹೇಳ್ತೇನಿ, ಯಾವ ಹಬ್ಬಕ್ಕ ಎಷ್ಟು ಕಬ್ಬು ತಿಂದ್ರು, ಯಾವಾಗ ಬೂದಿ ಚೆಲ್ಲಿದ್ರು ಅಂತ” ಎಂದೆ.

ಅವನು ಕುಣಿದೇಬಿಟ್ಟ. “ಅದ ಅದ! ನಮ್ಮ ಹೆಡ್‌ಮಾಸ್ತರಗ ಇದು ತಿಳೀಲಿಲ್ಲ ನೋಡ್ರಿ ವೈನಿ!”

ಆ ವರ್ಷ ಬಿಸಿಲು ಎಂಥದಿತ್ತೆಂದರೆ, ಕೆರೆಯ ನಟ್ಟನಡುವಿನ ತಗ್ಗು ಕೂಡ ಒಣಗಿತು. ಮುದುಕರೂ ಅದನ್ನು ಒಣಗಿದ್ದು ಕಂಡಿರಲಿಲ್ಲ. ಇವನು ಮೇಸ್ತ್ರಿಯನ್ನು ಕರೆದೊಯ್ದು, ಮೂರು ದಿನ ಸುತ್ತಿಗೆಯಿಂದ ಬಡಿಸಿ, ಎಲ್ಲಕ್ಕಿಂತ ಆಳದ ಕೋಲು ತೆಗೆಸಿದ. ಬಂದವನ ಮೋರೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಆ ಕೆರೆಯನ್ನು ಯಾವನೋ ರಾಜ ಕಟ್ಟೆ ಹಾಕಿ ಮಾಡಿಸಿದ ಎಂದು ಊರೆಲ್ಲ ಹೇಳುವುದು.

“ಕಟ್ಟಿ ಹಾಕೂಕಿಂತ ಎಷ್ಟೋ ಮೊದಲ ಇಲ್ಲಿ ನೀರಿತ್ರಿ ವೈನಿ! ತಳದಾಗ ನೋಡ್ರಿ, ಚಿಪ್ಪು, ಬೀಜ! ರಾಜಾ ಕಟ್ಟಿ ಅಷ್ಟ ಹಾಕಿದ, ಕೆರಿ ತಾನ ಆಗಿತ್ತು!”

ಪುಣೆಯ ಒಬ್ಬ ವಿದ್ವಾಂಸರು, ಕೋಲು ಇದ್ದಂತೆಯೇ ಕಳಿಸಿರಿ, ನೋಡಿ ಹೇಳುತ್ತೇನೆ ಎಂದು ಕಾಗದ ಬರೆದಿದ್ದರು. ಒಣಗಿದರೆ ಬಿರುಕು ಬಿಟ್ಟು ಕೆಡುತ್ತದೆಂದು ಇವನು ಅದನ್ನು ಗೇಣುದ್ದ ತುಂಡು ಮಾಡಿ, ಒದ್ದೆ ಅರಿವೆ ಸುತ್ತಿ, ಬುಟ್ಟಿಯಲ್ಲಿ ಜೋಡಿಸಿ, ಮನೆಯಲ್ಲೇ ತಂಪಾದ ಜಾಗದಲ್ಲಿ ಇಟ್ಟ. ಮನೆಯಲ್ಲಿ ತಂಪಾದ ಜಾಗ ಯಾವುದು? ನನ್ನ ಅಡಿಗೆಮನೆಯ ನೀರಿನ ಹರವಿಯ ಮಗ್ಗುಲು. ನನಗೊಂದು ಮಾತು ಹೇಳಿದನೇ? ಇಲ್ಲ.

ಮರುದಿನವೇ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತು ಮಾಡಿ ಪೂಜಿಸದೆ ನಮ್ಮ ಕಡೆ ಯಾವ ಮನೆಯಲ್ಲೂ ಅಂದು ಒಲೆ ಮೇಲೆ ಹೋಳಿಗೆ ಏರುವುದಿಲ್ಲ. ಹೊಲದ ಆಳಿಗೆ ಕೆರೆಮಣ್ಣು ತರಲು ಹೇಳಿದ್ದೆ. ಮೈದುನ ಸಾಲಿಗೆ ಹೋದ ಮೇಲೆ ನೋಡುತ್ತೇನೆ, ಹರವಿಯ ಪಕ್ಕ ಬುಟ್ಟಿ, ಅದರೊಳಗೆ ಒದ್ದೆ ಅರಿವೆ, ಅರಿವೆಯೊಳಗೆ ಕೆರೆಮಣ್ಣು! ಆಳು ಎಷ್ಟು ಶಾಣ್ಯಾ ಆದನಲ್ಲ ಎಂದು ಮೆಚ್ಚಿಕೊಂಡೆ. ನಡುನಡುವೆ ಸಿಕ್ಕ ಚಿಪ್ಪನ್ನೂ ಬೀಜವನ್ನೂ ಕಸವೆಂದು ಆರಿಸಿ ಎಸೆದೆ. ಎಂಥ ಮಣ್ಣು ಅಂತೀರಿ! ಬೆಣ್ಣೆಯ ಹಾಗೆ ಬಂತು. ಎತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಪೂಜೆ ಮುಗಿಸಿದೆ. ಆಗ ಹಿತ್ತಲ ಬಾಗಿಲಲ್ಲಿ ಆಳು ಬಂದು ನಿಂತ.

“ತಡಾ ಆತ್ರಿ ಅಕ್ಕಾರ. ಎತ್ತಿಗೆ ಮಣ್ಣ ತಂದೇನ್ರಿ.”

ಹಾಗಾದರೆ ನಾನು ನಾದಿದ್ದು ಯಾರ ಮಣ್ಣು?

ಸಂಜೆಗೆ ಮೈದುನ ಬಂದ. ಬುಟ್ಟಿ ನೋಡಿದ, ಎತ್ತುಗಳನ್ನು ನೋಡಿದ, ಅವುಗಳ ಮುಂದೆಯೇ ಕುಳಿತ.

“ಬೈಯಪಾ, ಬಾಯಿಗೆ ಬಂದಂಗ ಬೈ” ಎಂದೆ.

“ಛಲೋ ನಾದೀರಿ ವೈನಿ” ಎಂದ. “ಅಷ್ಟು ವರ್ಷದ ಮಳಿ, ಬೆಂಕಿ, ಬರಾ, ಎಲ್ಲಾ ಕಲತು ಒಂದಾದ್ವು.”

“ಇನ್ನೊಂದು ಕೋಲು ತಗ್ಯಾಕ ಬರೂದಿಲ್ಲೇನು?”

“ಕೋಲು ತಗದ ಮ್ಯಾಲೆ ಎರಡು ಮಳಿ ಆತಲ್ರಿ. ತಗ್ಗಿನ್ಯಾಗ ನೀರು ನಿಂತೈತಿ, ಸುತ್ತಿಗಿ ಬಡ್ಯಾಕ ಕಾಲು ನಿಲ್ಲಂಗಿಲ್ಲ. ಇನ್ನ ನಾಲ್ಕು ದಿನಕ್ಕ ಕೆರಿ ತುಂಬತೈತಿ. ಆ ತಗ್ಗು ಮತ್ತ ಯಾವಾಗ ಒಣಗತೈತೋ, ಆಗ ನಾ ಇರ್ತೇನೋ ಇಲ್ಲೋ.”

ಹೋಳಿಗೆ ಬಡಿಸಿದೆ. ಆರು ತಿನ್ನುವವನು ಅರ್ಧ ತಿಂದು ಎದ್ದ. ಬೈದಿದ್ದರೆ ನಾನೂ ಎರಡು ಬೈದು ಮರೆತುಬಿಡುತ್ತಿದ್ದೆ. ಉಳಿದ ಆ ಅರ್ಧ ಹೋಳಿಗೆ ನೋಡಿ ನನಗೆ ತಡೆಯಲಾಗಲಿಲ್ಲ.

ಮರುದಿನ ಮುಂಜಾನೆ ಚಕ್ಕಡಿ ಹೂಡಿಸಿದೆ. ಕೊಳವೆಯನ್ನೂ ಮೈದುನನನ್ನೂ ಒಳಗೆ ಹಾಕಿದೆ, ಹಳೇ ಹುಬ್ಬಳ್ಳಿಯಲ್ಲಿ ಮೇಸ್ತ್ರಿಯನ್ನು ಹತ್ತಿಸಿಕೊಂಡೆ. ಮನೆ ಬಿಡುವಾಗ ಗಂಡ “ಎಲ್ಲಿಗೆ?” ಎಂದದ್ದಕ್ಕೆ ಅತ್ತೆಯವರೇ “ಕೆಡಿಸಿದಾಕಿ ಸರಿ ಮಾಡ್ಲಿ, ಬಿಡು” ಎಂದರು. ಕೆರೆಗೆ ಹೋಗಿ ನೋಡಿದರೆ ತಗ್ಗಿನಲ್ಲಿ ಮೊಣಕಾಲುದ್ದ ರಾಡಿ. ಗಂಡಸರಿಬ್ಬರೂ ಅಡ್ಡಗೋಲು ಹಿಡಿದು ಜೋತುಬಿದ್ದರು. ಇಬ್ಬರೂ ಜೋಳದ ದಂಟಿನಂಥವರು, ಕೊಳವೆ ಒಂದು ಗೇಣು ಇಳಿದು ನಿಂತಿತು. ನಾನು ಆ ಕಾಲಕ್ಕೇ ತೂಕದ ಹೆಂಗಸು. ಸೀರೆಗೆ ಕಚ್ಚೆ ಬಿಗಿದೆ, ಮೇಸ್ತ್ರಿಯ ಹೆಗಲಿಗೆ ಕೈಕೊಟ್ಟು ಆ ಅಡ್ಡಗೋಲಿನ ಮೇಲೆ ಹತ್ತಿ ಕುಳಿತೇಬಿಟ್ಟೆ. ಕೊಳವೆ ಬೆಣ್ಣೆಗೆ ಇಳಿದ ಚೂರಿಯ ಹಾಗೆ ಹೋಯಿತು! ದಂಡೆಯ ಮೇಲೆ ದನ ಕಾಯುವವರೆಲ್ಲ ನೋಡಿ ನಗುತ್ತಿದ್ದರು. ಸಾಕೆಂದು ನಾನು ಇಳಿಯಹೋದೆ.

“ಇಳೀಬ್ಯಾಡ್ರಿ ವೈನಿ!” ಮೈದುನ ರಾಡಿಯಲ್ಲಿ ಮೊಣಕಾಲೂರಿ ಕೂಗಿದ, ಮೋರೆ ಮತ್ತೆ ಹೊಳೆಯುತ್ತಿತ್ತು. “ಕುಂದರ್ರಿ, ಇನ್ನೊಂದು ನೂರು ವರ್ಷ ಕೆಳಗ ಹೋಗೂದೈತಿ!”

ನಾನು ಕುಳಿತೆ.