ಬಾಗಿಲ ಬಳಿ ನಿಂತ ನನ್ನ ಚೀಲದ ಪರವಾಗಿ

ಕಂಟೇನರ್ ಓಡಿಸುವ ತಂತ್ರಾಂಶ ತಯಾರಿಸುವ ಮಾನ್ಯರೇ,

ತಾವು, ತಮ್ಮ ಮನೆಮಂದಿ, ಹಾಗೂ ಒಂದು ಗಳಿಗೆಯೂ ಸುಮ್ಮನಿರದ ತಮ್ಮ ಹತ್ತು ಬೆರಳುಗಳು ಕ್ಷೇಮವೆಂದು ನಂಬಿ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮುದುಕಿ ಮಾಡುವ ನಮಸ್ಕಾರಗಳು.

ತಾವು ಬರೆದು ಬಿಸಾಕಿದ್ದನ್ನು ಹೆಕ್ಕಿ, ಕಲ್ಲು ಕಡ್ಡಿ ಆರಿಸಿ, ಲಿನಕ್ಸ್ ಎಂಬ ವ್ಯವಸ್ಥೆ ಬಳಸುವವರ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಕೂರುವಂತೆ ಪೊಟ್ಟಣ ಕಟ್ಟುವುದು ನನ್ನ ಮೊಮ್ಮಗಳ ಕೆಲಸ. ತಮ್ಮ ತಂತ್ರಾಂಶವೋ, ಬೇರೆಯವನ್ನೆಲ್ಲ ಒಂದೊಂದು ಡಬ್ಬಿಯಲ್ಲಿಟ್ಟು, ಒಂದರ ಗಲಾಟೆ ಇನ್ನೊಂದಕ್ಕೆ ತಾಗದಂತೆ ಓಡಿಸುವ ಮಹಾನುಭಾವನಂತೆ. ಆ ಮಹಾನುಭಾವ ತಾನು ಬರುವಾಗ ಮಾತ್ರ ತನಗೆ ಆಸರೆಯಾದ ಸಣ್ಣಪುಟ್ಟ ತಂತ್ರಾಂಶಗಳನ್ನೆಲ್ಲ, ಅಂದರೆ ಅತ್ತೆ, ಮಾವ, ಷಡ್ಡಕ, ಷಡ್ಡಕನ ಸೋದರಮಾವ ಎಲ್ಲರನ್ನೂ ಟ್ರಂಕಿನಲ್ಲಿ ತುಂಬಿಕೊಂಡೇ ಬರುತ್ತಾನೆ. ಅವರಲ್ಲಿ ಅರ್ಧ ಜನ ಲಿನಕ್ಸಿನ ಮನೆಯಲ್ಲಿ ಮೊದಲೇ ಇದ್ದಾರೆ, ಇವನು ತಂದವರಿಗಿಂತ ಗಟ್ಟಿಮುಟ್ಟಾಗಿ. ಮೊಮ್ಮಗಳು ಒಬ್ಬೊಬ್ಬರನ್ನೇ ಇಳಿಸಿ, ಯಾರ ಕಡೆಯವರು, ಯಾರ ಅಪ್ಪಣೆಯಿಂದ ಬಂದವರು ಎಂದು ವಿಚಾರಿಸಿ, ಹೆಚ್ಚಾದವರನ್ನು ಸಾಗಹಾಕಿ, ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಸರಿಯಾಗಿ ತಾವು ಹೊಸ ಆವೃತ್ತಿ ಬಿಡುತ್ತೀರಿ. ನಾನು ಬೆನ್ನು ತಿರುಗಿಸುವುದನ್ನೇ ಕಾಯುವ ಒಲೆಯ ಮೇಲಿನ ಹಾಲು ಕೂಡ ಸಮಯಪ್ರಜ್ಞೆಯಲ್ಲಿ ತಮ್ಮ ಶಿಷ್ಯನೇ ಸರಿ.

ಅದರಿಂದ ನಿನಗೇನಮ್ಮಾ ಎನ್ನುವಿರಿ. ನನ್ನಕ್ಕ ಇಡೀ ದಿನ ರೈಲಿನಲ್ಲಿ ಕೂತರೆ ಸಿಗುವ ಊರಲ್ಲಿ, ಮಗಳ ಮನೆಯಲ್ಲಿದ್ದಾಳೆ, ಮರೆವು ಹೆಚ್ಚುತ್ತಿದೆ. ನನ್ನನ್ನು ಕರೆದೊಯ್ಯಬೇಕಾದವಳು ಇದೇ ಮೊಮ್ಮಗಳು. ನಾನು ಚೀಲ ತುಂಬಿ ಬಾಗಿಲ ಬಳಿ ಇಟ್ಟಾಗಲೆಲ್ಲ ಅವಳು "ಇದೊಂದ್ ಮುಗಿಸ್ಬಿಡ್ತೀನಿ ಅಜ್ಜಿ" ಎನ್ನುತ್ತಾಳೆ, ನಾನು ಉಡುವ ಬಟ್ಟೆಗಾಗಿ ಮತ್ತೆ ಚೀಲ ಬಿಚ್ಚುತ್ತೇನೆ. ಮೊನ್ನೆ ಫೋನಿನಲ್ಲಿ ಅಕ್ಕ, "ನೀನ್ ಯಾರ ಪೈಕಿನಮ್ಮಾ?" ಎಂದು ಕೇಳಿದಳು. ಚೆನ್ನಾಗಿ ಬೈದ ಮೇಲೆ ಗುರುತು ಹಿಡಿದಳೆನ್ನಿ. ಮುಂದಿನ ಸಲಕ್ಕೆ ಬೈಗುಳವೂ ಸಾಲದೇ ಹೋದರೆ?

ಆದಕಾರಣ, ಅಕ್ಕನ ತಲೆಯೊಳಗೆ ನನ್ನ ಹೆಸರನ್ನೊಂದು ಭದ್ರವಾದ ಡಬ್ಬಿಯಲ್ಲಿಟ್ಟು, ಮಿಕ್ಕ ಗಲಾಟೆ ತಾಗದಂತೆ, ನಾವು ತಲುಪುವ ತನಕ ಓಡಿಸಿಕೊಡಬೇಕಾಗಿ ಪ್ರಾರ್ಥನೆ. ಅಷ್ಟು ದೊಡ್ಡ ವಿದ್ಯೆ ತಮ್ಮಲ್ಲಿಲ್ಲವಾದರೆ, ದಯಮಾಡಿ ಒಂದು ವಾರ ಕೈಕಟ್ಟಿ ಕೂರುವ ಸಣ್ಣ ವಿದ್ಯೆಯನ್ನಾದರೂ ಕಲಿಯಿರಿ. ನನ್ನಕ್ಕನಿಗೆ ಹೊಸ ಆವೃತ್ತಿ ಬರುವುದಿಲ್ಲ.

ಬಿಚ್ಚಿ ಬಿಚ್ಚಿ ಕಟ್ಟುತ್ತಿರುವ ತಮ್ಮ ವಿಶ್ವಾಸಿ,
ಪೊಟ್ಟಣ ಕಟ್ಟುವವಳ ಅಜ್ಜಿ

ತಾ.ಕ.: ಇಷ್ಟು ಬರೆಯುವುದರೊಳಗೆ ತಾವು ಇನ್ನೊಂದನ್ನು ಬಿಟ್ಟೇಬಿಟ್ಟಿರಿ, ಭೇಷ್. ಮೊಮ್ಮಗಳು ಅದನ್ನು ನೋಡಿದಳು, ಈ ಪತ್ರವನ್ನೂ ಓದಿದಳು, ಕಂಪ್ಯೂಟರಿನ ಮುಚ್ಚಳ ಹಾಕಿ ಟಿಕೆಟ್ ತರಲು ಹೋದಳು. ತಮ್ಮ ಹೊಸ ಆವೃತ್ತಿ ನಾವು ಬರುವ ತನಕ ಬಾಗಿಲ ಬಳಿಯೇ ಇರಲಿ. ಚೀಲವನ್ನು ನಾನು ಕೈಗೆತ್ತಿಕೊಂಡಾಯಿತು, ಅದು ಇದ್ದ ಜಾಗ ಈಗ ಖಾಲಿ ಇದೆ.