‘ತುಕ್ಕು’ ತಂಡದ ಮೊದಲನೇ ಪ್ರೋಗ್ರಾಂ

ಪಂಚಾಕ್ಷರಪ್ಪನವರು ಬದುಕಿದ್ದಷ್ಟು ದಿನ ತಮ್ಮ ಮನೆಯ ಮೇಲಂತಸ್ತಿನ ಬಾಡಿಗೆದಾರ ಕೊಟ್ಟೂರೇಶನಿಗೆ ಯಾವ ತೊಂದರೆಯನ್ನೂ ಕೊಟ್ಟವರಲ್ಲ. ಸತ್ತ ದಿನ ಮಾತ್ರ ಕೊಟ್ಟರು. ತೊಂಬತ್ತೆಂಟನೇ ಇಸವಿಯ ಆಷಾಢದ ಒಂದು ಶನಿವಾರ ಬೆಳಿಗ್ಗೆ ಅವರು ಅರ್ಧ ತಿಂದ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಹೆಂಡತಿ ನಿರ್ಮಲಮ್ಮನವರನ್ನು ನೀರು ಕೇಳಿ, ನೀರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಆ ಹೊತ್ತಿಗೆ ಕೊಟ್ಟೂರೇಶ ಮೇಲೆ ಕನ್ನಡಿಯ ಮುಂದೆ ನಿಂತು ಕಪ್ಪು ಟೀ ಶರ್ಟು ತೊಡುತ್ತಿದ್ದ. ಅದರ ಎದೆಯ ಮೇಲೆ ಕೆಂಪು ಪೇಂಟಿನಲ್ಲಿ ‘ತುಕ್ಕು’ ಎಂದು ತಾನೇ ಬರೆದುಕೊಂಡಿದ್ದ. ‘ತುಕ್ಕು’ ಹರಿಹರದ ಹುಡುಗರ ರಾಕ್ ಬ್ಯಾಂಡು. ಅಂದು ಸಂಜೆ ನಾಲ್ಕಕ್ಕೆ, ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಅಲ್ಲಿನ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅವರು ಮೊದಲ ಸಲ ಜನರ ಮುಂದೆ ಹಾಡುವವರಿದ್ದರು.

ಕೊಟ್ಟೂರೇಶ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಊರಿಗೆಲ್ಲ ಗೊತ್ತಿರುವ ಹಾಡು ಅವನಿಗೆ ಎಂಜಲು ತಟ್ಟೆ ಇದ್ದ ಹಾಗೆ. ಯಾರೂ ಕೇಳದ ಬ್ಯಾಂಡುಗಳ ಕ್ಯಾಸೆಟ್ಟನ್ನು ಶಿಲ್ಲಾಂಗಿನಿಂದ, ಗೋವಾದಿಂದ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದ. ಕೇಳಿದ ಖುಷಿ ತಡೆಯಲಾರದೆ ಸಹೋದ್ಯೋಗಿಗಳಿಗೆ ಕೊಟ್ಟರೆ, ಅವರು ಅದರ ಮೇಲೆ ಸಿನಿಮಾ ಹಾಡು ರೆಕಾರ್ಡ್ ಮಾಡಿಕೊಂಡು ವಾಪಸು ಕೊಡುತ್ತಿದ್ದರು. ಹೀಗಿರುವಾಗ ಬಸ್ ಸ್ಟ್ಯಾಂಡ್ ಎದುರಿನ ಶಬ್ಬೀರನ ಕ್ಯಾಸೆಟ್ ಅಂಗಡಿಯಲ್ಲಿ ‘ತುಕ್ಕು’ ಸಿಕ್ಕಿತ್ತು. ಮುಚ್ಚಿದ ಕಾರ್ಖಾನೆಗಳ ಮೇಲೆ, ನಾರುವ ಹೊಳೆಯ ಮೇಲೆ ಕನ್ನಡದಲ್ಲೇ ಕಿರುಚಿದ ಹಾಡುಗಳು. ಕವರಿನ ಮೇಲೆ ಕೂದಲು ಬಿಟ್ಟ ಮುಖಗಳ ಮಸುಕು ಫೋಟೊ. ಹಾಡುವವನ ಹೆಸರು ಬರೀ ‘ಬೂದಿ’. ಆ ಒಡಕು ದನಿ ಕೇಳಿದ ದಿನದಿಂದ ಕೊಟ್ಟೂರೇಶನಿಗೆ ಬೇರೆ ಹಾಡು ರುಚಿಸಿರಲಿಲ್ಲ.

ಕೆಳಗಿನಿಂದ ಅಳು ಕೇಳಿಸಿತು. ಅವನು ಟೀ ಶರ್ಟಿನ ಮೇಲೆ ಬಿಳಿ ಅಂಗಿ ಹಾಕಿಕೊಂಡು ಇಳಿದ.

ದಾವಣಗೆರೆ ನಿಟ್ಟುವಳ್ಳಿಯ ಆ ಬೀದಿಯವರೆಲ್ಲ ಆಗಲೇ ನೆರೆದಿದ್ದರು. ಪಂಚಾಕ್ಷರಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿದಿದ್ದರು. ಎದುರು ಮನೆಯ ಹತ್ತಿ ವ್ಯಾಪಾರಿ ಕರಿಬಸವರಾಜ ಸಾವಿನ ಮನೆಯ ಯಜಮಾನಿಕೆಯನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದ.

"ಕೊಟ್ಟೂರೇಶಿ, ನೀನು ಎಲ್ಲೂ ಹೋಗಬ್ಯಾಡ. ಐದಕ್ಕೆ ಎತ್ತೋದು. ಗಂಡು ಮಕ್ಕಳಿಲ್ಲದ ಮನೆ ಇದು. ನೀನೇ ಮಗ ಇದ್ದಂಗೆ."

ಮಗನ ಸ್ಥಾನ ಸಿಕ್ಕ ಕೊಟ್ಟೂರೇಶ ಕಂಬದಂತೆ ನಿಂತ. ಕೆಳಗೆ ಹೆಣ ಕೂತಿರುವಾಗ ಮೇಲಿನ ಮನೆಯವನು ಹಾಡು ಕೇಳಲು ಹೋದರೆ ಬೀದಿ ಸುಮ್ಮನಿರುತ್ತದೆಯೇ? ಅಷ್ಟರಲ್ಲಿ ಯಾರೋ ಮುದುಕಿ ನಿರ್ಮಲಮ್ಮನವರನ್ನು ಕೇಳಿದಳು: "ಹರಿಹರದಾಗೆ ಇವರ ತಮ್ಮ ಬಕ್ಕಪ್ಪ ಅದಾನಲ್ಲ, ಹೇಳಿ ಕಳಿಸಿದ್ರೇನವ್ವಾ?"

ಹರಿಹರ ಎಂಬ ಮಾತು ಕಿವಿಗೆ ಬಿದ್ದದ್ದೇ ಕೊಟ್ಟೂರೇಶ ತಲೆಯೆತ್ತಿದ.

"ಅವರಿಗೆ ಹೇಳೋದು ಬ್ಯಾಡ" ಎಂದರು ನಿರ್ಮಲಮ್ಮ. "ಇದ್ದಾಗ ಬರಲಿಲ್ಲ. ಈಗ ಯಾಕ ಬರಬೇಕು?"

ಜಗಳದ ಕತೆ ಬೀದಿಗೆಲ್ಲ ಗೊತ್ತಿತ್ತು. ಹಿಂದೆ ಯಾವುದೋ ಮದುವೆಯಲ್ಲಿ ಪಂಚಾಕ್ಷರಪ್ಪನವರು ಬಡಿಸುವವರ ಉಸ್ತುವಾರಿ ನೋಡುತ್ತಿದ್ದಾಗ ತುಪ್ಪದ ಪಾತ್ರೆ ಬಕ್ಕಪ್ಪನ ಎಲೆಯನ್ನು ದಾಟಿ ಮುಂದಕ್ಕೆ ಹೋಗಿತ್ತು. ಬಕ್ಕಪ್ಪ ಒಣ ಹೋಳಿಗೆ ಬಿಟ್ಟು ಎದ್ದವನು ಅಣ್ಣನ ಮನೆಯ ಹೊಸ್ತಿಲು ಮತ್ತೆ ತುಳಿದಿರಲಿಲ್ಲ.

ಕೊಟ್ಟೂರೇಶ ಮುಂದೆ ಬಂದು ನಿರ್ಮಲಮ್ಮನವರ ಎದುರು ಕೂತ. "ಅಮ್ಮಾ, ಹಂಗನ್ನಬ್ಯಾಡ್ರಿ. ಯಜಮಾನ್ರು ಹೋದ್ರು, ಇನ್ನು ಯಾರ ಮ್ಯಾಲೆ ಸಿಟ್ಟು? ಒಂದೇ ಹೊಟ್ಯಾಗೆ ಹುಟ್ಟಿದವರು. ಒಂದು ಹಿಡಿ ಮಣ್ಣು ಹಾಕೋಕೆ ತಮ್ಮ ಬರಲಿಲ್ಲ ಅಂದ್ರೆ ಆ ಜೀವಕ್ಕೆ ಸಮಾಧಾನ ಆಗುತ್ತೇನ್ರಿ? ಅವರ ಮನ್ಯಾಗೆ ಫೋನಿಲ್ಲ ಅಂದ್ರೆ ನಾನು ಹೋಗಿ ಹೇಳ್ತೀನಿ. ಈಗಲೇ ಹೋಗ್ತೀನಿ."

ಸಂಜೆ ನಾಲ್ಕರ ಡ್ರಮ್ಮಿನ ಸದ್ದನ್ನು ನೆನೆದು ಅವನ ಕಣ್ಣು ಒದ್ದೆಯಾಯಿತು. ಅದನ್ನು ನೋಡಿ ಹೆಂಗಸರು ಇನ್ನೊಮ್ಮೆ ಅತ್ತರು. ನಿರ್ಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಆತಪ್ಪ, ಹೇಳಿ ಬಾ" ಎಂದರು.

ಬಕ್ಕಪ್ಪನಿಗೆ ಸುದ್ದಿ ಮುಟ್ಟಿಸಿ ಅವನನ್ನು ದಾವಣಗೆರೆಯ ಬಸ್ಸು ಹತ್ತಿಸುವುದು, ತಾನು ಹಾಡು ಕೇಳಲು ಮಂಟಪಕ್ಕೆ ಹೋಗುವುದು, ಮಣ್ಣಿಗೆ ಬರಲಾಗದ್ದಕ್ಕೆ ಬಸ್ಸಿನ ಮೇಲೆ ತಪ್ಪು ಹೊರಿಸುವುದು, ಇದು ಕೊಟ್ಟೂರೇಶನ ಲೆಕ್ಕ. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು.

"ಬಸ್ಸಿನಾಗೆ ಯಾಕ ಹೋಗ್ತಿ? ನನ್ನ ಜೀಪ್ ಐತೆ. ಹತ್ತು" ಎಂದ ಕರಿಬಸವರಾಜ.

"ನಿಮಗ್ಯಾಕ್ರಿ ತೊಂದ್ರೆ. ಇಲ್ಲಿ ನೀವಿರಬೇಕು."

"ಇಲ್ಲಿ ಹೆಂಗಸರದಾರೆ. ಹತ್ತಂದ್ರೆ ಹತ್ತು."

ಹರಿಹರಕ್ಕೆಂದು ಹತ್ತಿದ ಜೀಪು ಮೊದಲು ಶಾಮನೂರಿಗೆ ಹೋಯಿತು. ಅಲ್ಲಿ ಇನ್ಯಾವುದೋ ಬೀಗರಿಗೆ ಹೇಳಬೇಕಿತ್ತಂತೆ. ಬೀಗರು ಚಹಾ ಕುಡಿಯದೆ ಬಿಡಲಿಲ್ಲ. ಆಮೇಲೆ ಕುಣಿಗೆ ಹಾಕುವ ಉಪ್ಪಿನ ಚೀಲಗಳು, ವಿಭೂತಿ ಗಟ್ಟಿಗಳು, ಬಿಲ್ವಪತ್ರೆ. ಉಪ್ಪಿನ ಚೀಲದ ಮೇಲೆ ಕೂತ ಕೊಟ್ಟೂರೇಶ ಗಡಿಯಾರ ನೋಡಿ ನೋಡಿ ಉಪ್ಪಿನಕಾಯಿಯ ಹೋಳಿನಂತೆ ಬಾಡಿಹೋದ. ದೊಡ್ಡಬಾತಿಯ ಹತ್ತಿರ ಟೈರು ಪಂಕ್ಚರಾಯಿತು. ಅವನು ಇಳಿದು, ಯಾರ ನೆರವಿಗೂ ಕಾಯದೆ, ಹುಚ್ಚು ಹಿಡಿದವನಂತೆ ಚಕ್ರ ಬಿಚ್ಚಿ ಹಾಕಿದ.

"ಸ್ವಂತ ಮಗನೂ ಹಿಂಗೆ ಮಾಡಲ್ಲ ಬಿಡು" ಎಂದು ಕರಿಬಸವರಾಜ ಎಲೆ ಅಡಿಕೆ ಹಾಕಿಕೊಂಡ.

ಹರಿಹರ ಮುಟ್ಟಿದಾಗ ಮೂರು ದಾಟಿತ್ತು. ದಾರಿಯಲ್ಲೇ ಆ ಕಲ್ಯಾಣ ಮಂಟಪ ಕಂಡಿತು. ಗೇಟಿಗೆ ‘ತುಕ್ಕು, ಇಂದು’ ಎಂಬ ಕೈಬರಹದ ಪೋಸ್ಟರು. ಒಬ್ಬ ಹುಡುಗ ಆಟೊದಿಂದ ಡ್ರಮ್ಮುಗಳನ್ನು ಮಗುವನ್ನು ಎತ್ತಿದಂತೆ ಒಂದೊಂದಾಗಿ ಇಳಿಸುತ್ತಿದ್ದ. ಕೊಟ್ಟೂರೇಶ ಕತ್ತು ಹೊರಳಿಸಿ ಕಾಣುವಷ್ಟು ದೂರ ನೋಡಿದ.

ಬಕ್ಕಪ್ಪ ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಸುದ್ದಿ ಕೇಳಿ, "ಊಟಕ್ಕೆ ಕೂತಾಗ ಹೋದನಾ?" ಎಂದು ಕೇಳಿದ.

"ಉಪ್ಪಿಟ್ಟು ತಿಂತಿದ್ರು" ಎಂದ ಕರಿಬಸವರಾಜ.

"ಅರ್ಧಕ್ಕೇ ಎದ್ದನಾ?"

"ಹೂಂರಿ."

"ನಾನೂ ಹಂಗೇ ಎದ್ದಿದ್ದೆ" ಎಂದ ಬಕ್ಕಪ್ಪ. "ನಾನು ಬರಲ್ಲ. ನೀವು ಹೋಗ್ರಿ."

ಕೊಟ್ಟೂರೇಶ ತಟ್ಟನೆ ಎದ್ದ. ಕರಿಬಸವರಾಜನೋ, ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. "ನೀವು ಹೂಂ ಅನ್ನೋತನಕ ನಾನು ಏಳಲ್ರಿ" ಎಂದ. ಅವನು ಕೂತ ರೀತಿ ನೋಡಿದರೆ ರಾತ್ರಿ ಊಟವನ್ನೂ ಅಲ್ಲೇ ಮಾಡುವಂತಿತ್ತು. ನಾಲ್ಕಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಕೊಟ್ಟೂರೇಶನ ತಲೆ ಓಡಿತು.

"ಯಜಮಾನ್ರೆ, ನಿಮಗೆ ಮಕ್ಕಳದಾರೇನ್ರಿ?"

"ಒಬ್ಬ ಮಗ ಅದಾನೆ."

"ನೀವು ಬರಬ್ಯಾಡ್ರಿ. ಅವನ್ನ ಕಳಿಸ್ರಿ. ನಿಮ್ಮ ಅಣ್ಣಾರಿಗೆ ಗಂಡು ಮಕ್ಕಳಿಲ್ಲ. ಹೆಗಲು ಕೊಡೋಕೆ ಮನೆತನದ ಒಬ್ಬ ಹುಡುಗ ಬ್ಯಾಡೇನ್ರಿ? ನಿಮ್ಮ ಸಿಟ್ಟು ನಿಮಗಿರಲಿ. ಅದನ್ನ ಅವನ ತಲೆ ಮ್ಯಾಲೆ ಯಾಕ ಹೊರಸ್ತೀರಿ? ಈಗಲೇ ಇವರ ಜೀಪಿನಾಗೆ ಹೋಗಲಿ. ನಾನು ಆಮೇಲೆ ಬಸ್ಸಿಗೆ ಬರ್ತೀನಿ."

ಬಕ್ಕಪ್ಪನ ಮುಖ ಸಡಿಲವಾಯಿತು. ತಾನು ಸೋಲದೆ ಅಣ್ಣನಿಗೂ ಸಲ್ಲಿಸಬೇಕಾದ್ದನ್ನು ಸಲ್ಲಿಸುವ ದಾರಿ ಸಿಕ್ಕಿತ್ತು. ಒಳಗೆ ತಿರುಗಿ, "ಮಾಂತೇಶಾ" ಎಂದು ಕೂಗಿದ.

"ಏನಪ್ಪಾ?"

ಆ ಒಂದೇ ಶಬ್ದಕ್ಕೆ ಕೊಟ್ಟೂರೇಶ ಬಾಗಿಲಿನತ್ತ ತಿರುಗಿದ. ‘ಬೂದಿ’ಯ ಆ ಒಡಕು ದನಿಯನ್ನು ಅವನು ಎಷ್ಟೋ ರಾತ್ರಿ ಕೇಳಿದ್ದ. ಭುಜದವರೆಗೆ ಕೂದಲು ಬಿಟ್ಟ ಹುಡುಗನೊಬ್ಬ ರೆಗ್ಜಿನ್ ಚೀಲದಲ್ಲಿ ಗಿಟಾರ್ ಹಾಕಿಕೊಂಡು, ಹೊರಡಲು ಸಿದ್ಧನಾಗಿ ಬಾಗಿಲಿಗೆ ಬಂದು ನಿಂತ.

ಬಕ್ಕಪ್ಪ ಸುದ್ದಿ ಹೇಳಿದ. ಮಹಾಂತೇಶ ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅಲ್ರಿ, ಹುಡುಗನಿಗೆ ಏನೋ ಕೆಲಸ ಇದ್ದಂಗೈತೆ" ಎಂದ ಕೊಟ್ಟೂರೇಶ ಗಾಬರಿಯಿಂದ. "ನೀವೇ ಬರ್ರಿ ಯಜಮಾನ್ರೆ. ಎಷ್ಟಾದ್ರೂ ಒಡಹುಟ್ಟಿದವರು ನೀವು. ಸಣ್ಣೋರಿಗೆ ಯಾಕ ಇವೆಲ್ಲ?"

ಕರಿಬಸವರಾಜ ಅವನನ್ನು ದಿಟ್ಟಿಸಿ ನೋಡಿದ. "ಈಗಷ್ಟೇ ನೀನೇ ಅಂದಿ."

"ಇಲ್ಲರಿ, ಇವನು ಒಂದೆರಡು ತಾಸು ಬಿಟ್ಟು ಬಂದ್ರೂ..."

"ಎರಡು ತಾಸು ಬಿಟ್ಟು ಬಂದು ಏನು, ಕುಣಿ ನೋಡ್ತಾನಾ?"

ಮಹಾಂತೇಶ ತಲೆಯೆತ್ತಿದ. "ನಾನು ಬರ್ತೀನ್ರಿ. ಸಣ್ಣವನಿದ್ದಾಗ ದೊಡ್ಡಪ್ಪನ ಮನ್ಯಾಗೆ ರೇಡಿಯೊ ಇತ್ತು. ನಾನು ಅದರ ಮುಂದೇನೇ ಮಲಗ್ತಿದ್ದೆ. ನಿದ್ದೆ ಬಂದ್ರೂ ಅವರು ಅದನ್ನ ಆರಿಸ್ತಿರಲಿಲ್ಲ." ಗಿಟಾರನ್ನು ಒಳಗಿಟ್ಟು ಬಂದ.

ದಾರಿಯಲ್ಲಿ ಮಂಟಪದ ಮುಂದೆ ಜೀಪು ನಿಲ್ಲಿಸಿದರು. ಡ್ರಮ್ಮು ಇಳಿಸುತ್ತಿದ್ದ ಹುಡುಗ ಬಂದ. ಅವನೇ ಡ್ರಮ್ಮರ್ ಖುದ್ದೂಸ್. ಅವನಿಗೆ ವಿಷಯ ತಿಳಿಸಿದರು.

"ಮುಂದಿನ ತಿಂಗಳು ಇಟ್ಕೊಳ್ಳಾಣ" ಎಂದ ಮಹಾಂತೇಶ.

"ನಾಡಿದ್ದು ನಾನು ಸೌದಿಗೆ ಹೊಂಟೀನಲ್ಲೋ."

ಮಹಾಂತೇಶ ಜೀಪಿನಿಂದ ಒಂದು ಕಾಲು ಕೆಳಗಿಟ್ಟ.

"ನೀನು ಹೋಗು" ಎಂದ ಖುದ್ದೂಸ್. "ನಾನು ಇಲ್ಲೇ ಇರ್ತೀನಿ. ಯಾರಾದ್ರೂ ಬಂದ್ರೆ ಹೇಳಬೇಕಲ್ಲ."

ಜೀಪು ಹೊರಟಿತು. ತಾನು ಆರಾಧಿಸುವ ಹಾಡುಗಾರನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಉಪ್ಪಿನ ಚೀಲದ ಮೇಲೆ ಕೂತ ಕೊಟ್ಟೂರೇಶ ಒಳಗಿನ ಟೀ ಶರ್ಟು ಕಾಣದಂತೆ ಬಿಳಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡ.

ಐದಕ್ಕೆ ಪಂಚಾಕ್ಷರಪ್ಪನವರನ್ನು ಕೂರಿಸಿದ ಬೊಂಬಿನ ವಿಮಾನವನ್ನು ಎತ್ತಿದರು. ಮುಂದಿನ ಒಂದು ಬೊಂಬಿಗೆ ಮಹಾಂತೇಶ, ಇನ್ನೊಂದಕ್ಕೆ ಕೊಟ್ಟೂರೇಶ ಹೆಗಲು ಕೊಟ್ಟರು. ಕರಿಬಸವರಾಜ ಎದುರಾದವರಿಗೆಲ್ಲ ಕೊಟ್ಟೂರೇಶನನ್ನು ತೋರಿಸಿ, "ಈ ಪುಣ್ಯಾತ್ಮ ಹಟ ಹಿಡಿಯದಿದ್ರೆ ಹುಡುಗ ಇವತ್ತು ಇಲ್ಲಿಗೆ ಬರ್ತಿರಲಿಲ್ಲ ನೋಡ್ರಿ" ಎನ್ನುತ್ತಿದ್ದ. ನಿರ್ಮಲಮ್ಮ ಮೈದುನನ ಮಗನ ತಲೆ ಮುಟ್ಟಿ ಅತ್ತವರು ಕೊಟ್ಟೂರೇಶನಿಗೂ ಕೈಮುಗಿದಿದ್ದರು.

ಭಜನೆಯವರ ಮೇಳದ ಹಿಂದೆ ಬೀದಿ ತಿರುಗುವಾಗ ಮಹಾಂತೇಶ ಮೆಲ್ಲಗೆ ಮಾತಾಡಿದ.

"ನೀವು ಬಂದು ಹೇಳಿದ್ದು ಒಳ್ಳೇದಾತು ಸಾರ್. ಪ್ರೋಗ್ರಾಂಗೆ ಹೆಂಗೂ ಯಾರೂ ಬರ್ತಿರಲಿಲ್ಲ."

"ಹಂಗ್ಯಾಕಂತೀರಿ?"

"ಗೊತ್ತಿರೋ ಮಾತೇ ಅದು. ಒಬ್ಬ ಮಾತ್ರ ಬರ್ತಾನೆ ಅನ್ಕೊಂಡಿದ್ದೆ. ಇದೇ ಊರಿನವನಂತೆ. ನಮ್ಮ ಕ್ಯಾಸೆಟ್ ತಗೊಂಡವನು ಪದೇ ಪದೇ ಬಂದು, ಹೊಸದು ಯಾವಾಗ ಬರುತ್ತೆ ಅಂತ ಕೇಳ್ತಾನೆ ಅಂತ ಶಬ್ಬೀರ್ ಹೇಳಿದ್ದ. ಅವನು ನಮ್ಮ ಹಾಡಿನ ಬಗ್ಗೆ ಏನಂತಾನೋ ಕೇಳೋ ಆಸೆ ಇತ್ತು."

ಕೊಟ್ಟೂರೇಶನ ಬಾಯಿ ತೆರೆಯಿತು. ಹಿಂದಿನಿಂದ ಕರಿಬಸವರಾಜ, "ಇವನೇ ನೋಡ್ರಿ, ಇವನೇ ಹೋಗಿ ಕರಕೊಂಡು ಬಂದವನು" ಎಂದು ಇನ್ಯಾರಿಗೋ ಹೇಳುವುದು ಕೇಳಿಸಿತು.

"ಪಾಪ, ಖುದ್ದೂಸ್ ಹೇಳಿದ್ದು ಕೇಳಿ ವಾಪಸ್ ಹೋಗಿರ್ತಾನೆ" ಎಂದ ಮಹಾಂತೇಶ.

"ಅವನೂ ಬಂದಿರಲಿಕ್ಕಿಲ್ಲ ಬಿಡ್ರಿ" ಎಂದ ಕೊಟ್ಟೂರೇಶ.

ಮಹಾಂತೇಶ "ಹೌದು, ಅವನೂ ಬಂದಿರಲಿಕ್ಕಿಲ್ಲ" ಎಂದು ಹೇಳಿ, ಬೊಂಬನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.