ರಬ್ಬರ್ ಮೊಸಳೆಯ ಮುಂದೆ ವರಪರೀಕ್ಷೆ

ನನ್ನ ಸೋದರಮಾವನಿಗೆ ಒಳ್ಳೆಯ ಸಿನಿಮಾ ಎಂದರೆ ಆಗಿಬರುವುದಿಲ್ಲ. ಪ್ರಶಸ್ತಿ ಬಂದ ಸಿನಿಮಾ ಎಂದರಂತೂ ಮುಗಿದೇ ಹೋಯಿತು, ಇಂಟರ್ವಲ್ಲಿಗೆ ಮುಂಚೆಯೇ ಗೊರಕೆ! ಅದೇ ನಾಗಿಣಿ ಜೀಪು ಓಡಿಸಲಿ, ದೆವ್ವ ಕೈಗಡಿಯಾರ ಕಟ್ಟಿಕೊಂಡು ಬರಲಿ, ರಕ್ತ ಟೊಮೆಟೊ ಸಾರಿನಂತೆ ಹರಿಯಲಿ, ಮಾನ್ವಿಯ ರೈಸ್ ಮಿಲ್ಲನ್ನು ಮುನೀಮನಿಗೆ ಒಪ್ಪಿಸಿ ರಾಯಚೂರಿನ ಟಾಕೀಸಿಗೆ ಹಾಜರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮಂಡಾಳ ವಗ್ಗರಣಿಯ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿಯ, ಪೊಟ್ಟಣ, ಜೊತೆಗೆ ನಾನು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ನನ್ನ ಅಳು ನಿಲ್ಲಿಸಲು ಮಾಮಾಗೆ ಗೊತ್ತಿದ್ದ ಉಪಾಯ ಅದೊಂದೇ.

ಸುಮ್ಮನೆ ಕೂತು ನೋಡುತ್ತಾರೆಯೇ? ಮೊದಲರ್ಧದಲ್ಲಿ ಸತ್ತ ರೌಡಿ ಆಮೇಲೆ ಡಾಕ್ಟರಾಗಿ ಬಂದರೆ ಎದ್ದು ನಿಂತು, "ಲೇ, ನಿನ್ನ ಆಗ್ಲೇ ಮಣ್ಣು ಮಾಡಿ ಬಂದಾರಲೋ!" ಎಂದು ಕೂಗುತ್ತಾರೆ. ಟಾಕೀಸಿಗೆ ಟಾಕೀಸೇ ಚಪ್ಪಾಳೆ.

ನನಗೆ ಗಂಡು ನೋಡತೊಡಗಿದಾಗ ಈ ಹುಚ್ಚು ನನ್ನ ಕುತ್ತಿಗೆಗೇ ಬಂತು! ಮಾಮಾ ಸಂಬಳ ಕೇಳಲಿಲ್ಲ, ಹೊಲ ಕೇಳಲಿಲ್ಲ. "ಹುಡುಗನ್ನ ಒಂದು ಸಿನಿಮಾಕ ಕರಕೊಂಡು ಹೋಗೂಣು" ಎಂದರು. ಮೊದಲು ಬಂದ ಲೆಕ್ಚರರ್ ಹತ್ತೇ ನಿಮಿಷಕ್ಕೆ ಮೂಗು ಮುರಿದು, "ಇದೂ ಒಂದು ಸಿನಿಮಾ ಏನ್ರೀ?" ಎಂದ. ಆ ಸಂಬಂಧ ಅಲ್ಲಿಗೇ ಖಲಾಸ್!

ಅವ್ವ ಹಣೆ ಬಡಿದುಕೊಂಡಳು. "ನಿನ್ನ ಹುಚ್ಚಿಗೆ ನನ್ನ ಮಗಳು ಮನ್ಯಾಗ ಕುಂದರಬೇಕೇನೋ?"

"ಅಕ್ಕಾ, ಇದಕ್ಕ ಮೂಗು ಮುರಿಯಾಂವ ನಾಳೆ ಸಾರಿಗೆ ಉಪ್ಪು ಹೆಚ್ಚಾದ್ರ ಸುಮ್ಮ ಇರ್ತಾನ?"

ಎರಡನೆಯವನು ದೇವದುರ್ಗದ ಮೇಷ್ಟ್ರು. ನೋಡಿದ ದಿನವೇ ನನ್ನ ಮನಸ್ಸಿಗೆ ಬಂದಿದ್ದ. ಇವನೂ ಫೇಲಾದರೆ ನನ್ನ ಗತಿಯೇನು? ಅಂದು ಟಾಕೀಸಿನಲ್ಲಿ ನಾಯಕ ರಬ್ಬರ್ ಮೊಸಳೆಯೊಂದಿಗೆ ಹೊಡೆದಾಡುತ್ತಿದ್ದ. ಅದರ ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿ ಹೊರಬಂತು! ನಾನು ಮೆಲ್ಲಗೆ ಅವನ ಕಡೆ ತಿರುಗಿ ನೋಡಿದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕ.

"ಹ್ಯಾಂಗಿತ್ರಿ ಸಿನಿಮಾ?" ಹೊರಗೆ ಬಂದ ಕೂಡಲೇ ಮಾಮಾ ಕೇಳಿದರು.

"ನಕ್ಕು ನಕ್ಕು ಸಾಕಾತ್ರಿ. ಆದ್ರ ಆ ಮೊಸಳಿ ಹೊಲಿದಾಂವ, ಪಾಪ, ಎಷ್ಟು ದಿನ ಕುಂತು ಹೊಲಿದಿದ್ನೋ ಏನೋ!" ಎಂದು ಹೇಳಿ ಚಹಾ ತರಲು ಹೋದ.

ಮಾಮಾ ನನ್ನ ಕಡೆ ತಿರುಗಿದರು. "ಯವ್ವಾ, ಇವಗ ಕೊಡಬಹುದು ನಿನ್ನ."

ಕುಣಿಯುವಷ್ಟು ಸಂತೋಷವಾಯಿತು. ಏನೋ ತಮಾಷೆ ಮಾಡೋಣವೆಂದು ತಲೆ ಎತ್ತಿದರೆ, ಮಾಮಾನ ಕಣ್ಣು ತುಂಬಿತ್ತು.

"ಇನ್ನ ನನ್ನ ಸಂಗಾಟ ಸಿನಿಮಾಕ ಯಾರು ಬರ್ತಾರ ಬೇ?"

ನನಗೆ ತಡೆಯಲಾಗಲಿಲ್ಲ, ಬಸ್ಸು ಆಟೋಗಳ ನಡುವೆಯೇ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮೂರು ಚಹಾ ಹಿಡಿದು ಬಂದ ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿ, ತಾನು ಫೇಲಾದೆನೆಂದು ತಿಳಿದು, ಪಾಪ, ಅಲ್ಲೇ ನಿಂತುಬಿಟ್ಟ.